ಪಕ್ಕದವರಿಗೂ ಕೇಳಬೇಕು

ನನ್ನ ದನಿ ಹೋಗಿ ನಾಲ್ಕು ವರ್ಷವಾಯಿತು. "ದನಿ ಹೋಗೈತೆ, ಬಾಯಿ ಹೋಗಿಲ್ಲ" ಎಂದು ನನ್ನ ಗಂಡ ಸೈಮನ್ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ತಮಾಷೆಗೆ ಹೇಳುವುದಾದರೂ ಅದರಲ್ಲಿ ಸುಳ್ಳಿಲ್ಲ. ಗಂಟಲ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದ ಮೇಲೂ ನಾನು ಮಾತಾಡುತ್ತೇನೆ, ಜಗಳ ಆಡುತ್ತೇನೆ, ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಓದುತ್ತೇನೆ. ಈ ಕೊನೆಯದಕ್ಕೆ ಪಟ್ಟ ಪಾಡು ಆಪರೇಷನ್ನಿಗಿಂತ ಜಾಸ್ತಿ. ಅದನ್ನೇ ಬರೆಯುತ್ತಿದ್ದೇನೆ. ಇದೇ ಕಾಯಿಲೆಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು: ಸುಮ್ಮನಿರಿ ಎಂದು ಪ್ರೀತಿಯಿಂದ ಹೇಳುವವರು ನಿಮಗೆ ಬಹಳ ಜನ ಸಿಗುತ್ತಾರೆ. ಹಾಗೆ ಹೇಳಿಸಿಕೊಂಡವರಲ್ಲಿ ನೀವು ಮೊದಲನೆಯವರಲ್ಲ.

ನನ್ನ ಹೆಸರು ರೆಜಿನಾ. ಆಲೂರಿನಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಟೈಲರಿಂಗ್ ಅಂಗಡಿ. ಅದೇ ಕೋಣೆಯ ಇನ್ನರ್ಧದಲ್ಲಿ ರಜಿಯಾ ಬಳೆ, ಲೇಸು, ದಾರ ಮಾರುತ್ತಾಳೆ. ಅವಳ ಗಂಡ ಕಾಫಿ ಮೂಟೆ ಸಾಗಿಸುವ ಲಾರಿ ಓಡಿಸುತ್ತಾರೆ. ನನ್ನ ಗಂಡ ತೋಟಗಳ ಪಂಪ್‌ಸೆಟ್ ರಿಪೇರಿ ಮಾಡುವವರು. ನಮ್ಮ ಚರ್ಚು ಕೆ. ಹೊಸಕೋಟೆ ಕಡೆ ಹೋಗುವ ದಾರಿಯಲ್ಲಿದೆ. ಚಿಕ್ಕದು. ಸಣ್ಣ ತೋಟದವರು, ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು, ನಮ್ಮಂಥ ಕೈಕಸುಬಿನವರು ಎಲ್ಲ ಸೇರಿ ಅರವತ್ತು ಮನೆ ಇದ್ದೀತು.

ಪೂಜೆ ಎಂದರೆ ನಮ್ಮಲ್ಲಿ ಫಾದರ್ ಒಬ್ಬರೇ ಮಾಡುವುದಲ್ಲ. ಅವರು ಒಂದು ಮಾತು ಹೇಳಿದರೆ ಜನ ಒಂದು ಮಾತು ತಿರುಗಿ ಹೇಳಬೇಕು. ಬೈಬಲಿನ ವಾಚನ ಓದುವುದು ಜನರ ಪಾಲು, ಹಾಡುವುದು ಜನರ ಪಾಲು, 'ಆಮೆನ್' ಜನರ ಪಾಲು. ನಾನು ಮದುವೆಯಾಗಿ ಬಂದ ವರ್ಷವೇ ಮೊದಲ ವಾಚನ ಓದಲು ನಿಂತವಳು. ಆಮೇಲೆ ಕೀರ್ತನೆಯ ಸಾಲು ಹಾಡಿ ಜನರಿಂದ ತಿರುಗಿ ಹಾಡಿಸುವುದೂ ನನ್ನ ಕೆಲಸವಾಯಿತು. ಮೈಕ್ ಕೆಟ್ಟರೆ ಯಾರೂ ಗಾಬರಿ ಬೀಳುತ್ತಿರಲಿಲ್ಲ. ರೆಜಿನಾ ಇದ್ದಾಳಲ್ಲ ಎನ್ನುತ್ತಿದ್ದರು.

ದನಿ ಒಡೆಯಲು ಶುರುವಾದದ್ದು ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ. ಬಟ್ಟೆಯ ಧೂಳು ಅಂದರು. ನೆಗಡಿ ಅಂದರು. ಮೆಣಸಿನ ಕಷಾಯ ಕುಡಿಸಿದರು. ಆರು ತಿಂಗಳು ಹೀಗೇ ಹೋಯಿತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಗ್ರೇಸಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು. ಗ್ರೇಸಿ ಶಾಲೆಯ ಟೀಚರ್, ನಮ್ಮ ಗಾನವೃಂದ ನಡೆಸುವವಳು, ನನ್ನ ಹಳೆಯ ಗೆಳತಿ.

"ರೆಜಿ, ನಿನ್ನ ದನಿ ಟಿನ್ ಡಬ್ಬ ಎಳ್ದಂಗೆ ಆಗೈತೆ ಕಣೆ. ಇದು ನೆಗಡಿಯಲ್ಲ. ದೊಡ್ಡ ಆಸ್ಪತ್ರೆಗೆ ಹೋಗು" ಅಂದಳು.

ಅವಳು ಅವತ್ತು ಹಾಗೆ ಹೇಳದಿದ್ದರೆ ನಾನು ಈಗ ಇರುತ್ತಿರಲಿಲ್ಲ. ಮುಂದೆ ಅವಳ ಮೇಲೆ ಎಷ್ಟು ಸಿಟ್ಟು ಬಂದರೂ ಇದನ್ನು ಮರೆತಿಲ್ಲ.

ಮಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಗಂಟಲ ವಿಭಾಗದ ಮುಂದಿನ ಬೆಂಚುಗಳಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರು. ಗೋಡೆಯ ಟಿವಿಗೂ ಶಬ್ದ ಇರಲಿಲ್ಲ. ಯಾರಾದರೂ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು, ಅವರ ಕೆಮ್ಮು ನನ್ನದಕ್ಕಿಂತ ಕೆಟ್ಟದೋ ಒಳ್ಳೆಯದೋ ಅಂತ ಅಳೆಯುವ ಹಾಗೆ. ನಾನೂ ಅಳೆದೆ. ಒಳಗೆ ಹೋದರೆ ಮೊದಲ ಪ್ರಶ್ನೆ, "ಬೀಡಿ, ಹೊಗೆಸೊಪ್ಪು ಏನಾದರೂ?" ಜೀವಮಾನದಲ್ಲಿ ಮುಟ್ಟಿಲ್ಲ. ಡಾಕ್ಟರ್ ಕೇಳಲೇಬೇಕಾದ ಪ್ರಶ್ನೆ ಅದು, ತಪ್ಪಿಲ್ಲ. ಆದರೆ ಆಮೇಲೆ ಊರಲ್ಲಿ ಎಷ್ಟೋ ಜನ ಅದನ್ನೇ ಕೇಳಿದರು. ಏನೋ ಮಾಡಿರಬೇಕು, ಇಲ್ಲದಿದ್ದರೆ ಬರುತ್ತಾ ಎನ್ನುವ ಮುಖ ಇಟ್ಟುಕೊಂಡು.

ಗಂಟಲಿನ ಚೂರು ತೆಗೆದು ಪರೀಕ್ಷೆ ಮಾಡಿ, ಎರಡನೇ ಸಲ ಹೋದಾಗ ಡಾಕ್ಟರ್ ನೇರವಾಗಿ ಹೇಳಿದರು. "ಜೀವ ಉಳಿಸಬಹುದು. ದನಿ ಉಳಿಸೋಕೆ ಆಗಲ್ಲ."

ನಾನು ಬಾಯಿ ತೆರೆಯುವ ಮೊದಲೇ ಸೈಮನ್, "ಜೀವ ಸಾಕು ಡಾಕ್ಟ್ರೇ, ತೆಗ್ದುಬುಡಿ" ಅಂದುಬಿಟ್ಟರು.

ಬಸ್ಸು ಘಾಟಿ ಹತ್ತಿ ಸಕಲೇಶಪುರ ಬರುವವರೆಗೂ ನಾನು ಅವರ ಹತ್ತಿರ ಮಾತಾಡಲಿಲ್ಲ. ಅಲ್ಲಿ ಬಸ್ಸು ನಿಂತಾಗ ಟೀ ತಂದುಕೊಟ್ಟರು. ಲೋಟ ಕೈಯಲ್ಲಿ ಹಿಡಿದು, ಇದ್ದ ಒಡಕು ದನಿಯಲ್ಲೇ ಹೇಳಿದೆ.

"ನನ್ನ ದನೀನ ನನ್ನ ಕೇಳ್ದೆ ಕೊಟ್ಬುಟ್ರಲ್ಲ."

"ಕೇಳಿದ್ರೆ ಏನ್ ಹೇಳ್ತಿದ್ದೆ?"

"ಅದನ್ನೇ ಹೇಳ್ತಿದ್ದೆ. ಆದ್ರೆ ನಾನು ಹೇಳ್ತಿದ್ದೆ."

ಅವರು ಕಿಟಕಿ ಕಡೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಅವರ ಭುಜ ಅಲುಗುವುದು ಕಂಡಿತು. ಆ ದಿನ ಜಗಳ ಮುಂದುವರಿಸಲಿಲ್ಲ. ಆದರೆ ಆಮೇಲಿನ ಎಲ್ಲ ಜಗಳಗಳ ಬೀಜ ಅಲ್ಲೇ ಬಿತ್ತು. ನನ್ನ ಪಾಲಿನ ಮಾತನ್ನು ಬೇರೆಯವರು ಆಡುವುದು.

ಆಪರೇಷನ್ನಿಗೆ ಹೋಗುವ ಮುಂಚಿನ ಭಾನುವಾರ ಕೀರ್ತನೆ ಹಾಡಿದೆ. ಮೇಲಿನ ಸ್ವರ ಹತ್ತಲಿಲ್ಲ. ಕೆಳಗಿನದನ್ನೇ ಹಿಡಿದು ಮುಗಿಸಿದೆ. ಗ್ರೇಸಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಹಾಡುವಾಗ ನನಗೆ ಗೊತ್ತಿರಲಿಲ್ಲ.

ಆಪರೇಷನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಚ್ಚರವಾದಾಗ ಕತ್ತಿನಲ್ಲಿ ತೂತು, ಮೂಗಿನಲ್ಲಿ ಊಟದ ನಳಿಕೆ. ಉಸಿರು ಇನ್ನು ಮುಂದೆ ಕತ್ತಿನಿಂದಲೇ. 'ಸೈಮನ್' ಅಂದೆ. ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಗೊತ್ತಿದ್ದೂ ಇನ್ನೊಂದು ಸಲ ಅಂದೆ. ಅಳು ಬಂತು, ಅದಕ್ಕೂ ಶಬ್ದ ಇಲ್ಲ. ಶಬ್ದವಿಲ್ಲದೆ ಅಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಅತ್ತದ್ದು ಮುಗಿದಂತೆಯೇ ಅನಿಸುವುದಿಲ್ಲ.

ಒಂದು ಸ್ಲೇಟು ಕೊಟ್ಟಿದ್ದರು. ನಾನು ಅರ್ಧ ಬರೆಯುವಷ್ಟರಲ್ಲಿ ಎಲ್ಲರೂ ಊಹೆ ಮಾಡಿಬಿಡುತ್ತಿದ್ದರು. 'ನೀ' ಬರೆದರೆ "ನೀರಾ?" ಅಂತ ಓಡುತ್ತಿದ್ದರು. ನಾನು ಬರೆಯಬೇಕಿದ್ದದ್ದು 'ನೀವು ಊಟ ಮಾಡಿದಿರಾ' ಅಂತ. ಒಬ್ಬಳು ನರ್ಸ್ ಮಾತ್ರ, ಕೇರಳದ ಹುಡುಗಿ, ಕನ್ನಡ ಓದಲು ಅಷ್ಟಾಗಿ ಬಾರದವಳು, ನಾನು ಕೊನೆಯ ಅಕ್ಷರ ಬರೆದು ಸ್ಲೇಟು ಕೆಳಗಿಡುವವರೆಗೂ ಕೈ ಕಟ್ಟಿ ನಿಂತಿರುತ್ತಿದ್ದಳು. ಆಮೇಲೆ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ನನಗೆ ಆ ಆಸ್ಪತ್ರೆಯಲ್ಲಿ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದು.

ಗಾಯ ಆರಿದ ಮೇಲೆ ಆರು ವಾರ ಕಿರಣ ಚಿಕಿತ್ಸೆ. ಅಲ್ಲಿಯೂ ಬೆಂಚು, ಅಲ್ಲಿಯೂ ಕಾಯುವುದು. ಅಲ್ಲೇ ಸಿಕ್ಕಿದ್ದು ತಿಮ್ಮೇಗೌಡರು. ಹೆಗ್ಗದ್ದೆ ಕಡೆಯವರು, ಎಸ್ಟೇಟಿನಲ್ಲಿ ರೈಟರ್ ಆಗಿ ಬೆಳಗ್ಗೆ ಬೆಳಗ್ಗೆ ಆಳುಗಳ ಹೆಸರು ಕೂಗುವ ಕೆಲಸ ಮಾಡಿದ್ದವರು. ನನಗೆ ಆದದ್ದೇ ಅವರಿಗೂ ಎರಡು ವರ್ಷ ಮುಂಚೆ ಆಗಿತ್ತು. ಈಗ ತೋರಿಸಿಕೊಂಡು ಹೋಗಲು ಬಂದಿದ್ದರು. ನನ್ನ ಕತ್ತು ನೋಡಿ ಪಕ್ಕದಲ್ಲಿ ಬಂದು ಕೂತರು. ಜೇಬಿನಿಂದ ಟಾರ್ಚಿನಂಥ ಒಂದು ಯಂತ್ರ ತೆಗೆದು ಗದ್ದದ ಕೆಳಗೆ ಒತ್ತಿದರು. ಜೀರುಂಡೆ ಮಾತಾಡಿದಂಥ ದನಿ ಬಂತು.

"ಯಾವೂರಮ್ಮ?"

ನಾನು ಸ್ಲೇಟಿನಲ್ಲಿ ಆಲೂರು ಎಂದು ಬರೆದೆ.

"ಸ್ಲೇಟು ಬುಡು. ಇದ ತಗೊ. ಮೊದ್ಲು ಜನ ನಗ್ತಾರೆ. ನಕ್ಕೊಳ್ಳಲಿ ಬುಡು. ಎಂಟ್ ದಿನ ನಗ್ತಾರೆ, ಒಂಬತ್ತನೇ ದಿನ ಅವ್ರಿಗೇ ಬೇಜಾರಾಗ್ಬುಡ್ತದೆ."

ಯಂತ್ರ ನನ್ನ ಕೈಗೆ ಕೊಟ್ಟು ಒತ್ತುವ ಜಾಗ ತೋರಿಸಿದರು. ಗಾಯದ ಊತ ಇಳಿದಿರಲಿಲ್ಲ, ಮೊದಲು ಬರೀ ಗುರ್ ಅಂತು. ಬೆರಳು ಸ್ವಲ್ಪ ಕೆನ್ನೆಯ ಕಡೆಗೆ ಜರುಗಿಸಿದರು. 'ಆಲೂರು' ಅಂದೆ. ಬಂತು! ಯಾರ ದನಿಯೋ ಏನೋ, ಆದರೆ ಮಾತು ನನ್ನದು. ಎದುರು ಬೆಂಚಿನವರೆಲ್ಲ ನೋಡಿದರು. ತಿಮ್ಮೇಗೌಡರು ಯಂತ್ರ ವಾಪಸು ಇಸಿದುಕೊಂಡು, ನನ್ನ ಸ್ಲೇಟಿನಲ್ಲಿ 'ಹ' ಎಂದು ಬರೆದು ತೋರಿಸಿ, "ಇದು ಮಾತ್ರ ಬರಾಕಿಲ್ಲ ಇದ್ರಾಗೆ. ಅದ್ಕೇನು, ನಾವು ನಮ್ ಜಿಲ್ಲೇನ ಯಾವತ್ತಿದ್ರೂ ಆಸ್ನ ಅನ್ನೋರೆಯ" ಅಂದರು. ಮೂರು ತಿಂಗಳಲ್ಲಿ ಅವತ್ತೇ ಮೊದಲು ನಾನು ನಕ್ಕಿದ್ದು. ಶಬ್ದವಿಲ್ಲದ ನಗು, ಕತ್ತಿನಿಂದ ಉಸ್ ಉಸ್ ಎಂದು ಗಾಳಿ.

ಮನೆಗೆ ಬಂದ ಮೇಲೆ ಫಾದರ್ ವಿನ್ಸೆಂಟ್ ಪರಮಪ್ರಸಾದ ತಂದರು. ಆಗಷ್ಟೇ ನಮ್ಮ ಚರ್ಚಿಗೆ ವರ್ಗವಾಗಿ ಬಂದಿದ್ದ ಯುವಕ, ಮೃದು ಸ್ವಭಾವ. ನಳಿಕೆ ತೆಗೆದ ಮೇಲೂ ನುಂಗುವುದೆಂದರೆ ನನಗೆ ಹೆದರಿಕೆ. ಆ ತೆಳು ರೊಟ್ಟಿಯ ಚೂರು ನಾಲಿಗೆಯ ಮೇಲೆ ಕರಗಿ, ಒಂದು ಗುಟುಕು ನೀರಿನ ಜೊತೆ ತಡೆಯಿಲ್ಲದೆ ಇಳಿದು ಹೋಯಿತು. ನಾನು ಕಣ್ಣು ಮುಚ್ಚಿ ಕೂತೆ. ಅವರು ಹೊರಡುವಾಗ ಸ್ಲೇಟಿನಲ್ಲಿ ಬರೆದೆ: 'ಯಂತ್ರ ಬರುತ್ತದೆ. ಬಂದ ಮೇಲೆ ವಾಚನ ಓದುತ್ತೇನೆ.'

ಫಾದರ್ ನಕ್ಕರು. "ನೀವು ಈಗ ವಿಶ್ರಾಂತಿ ತಗೊಳ್ಳಿ ಅಮ್ಮ. ಪೂಜೆಗೆ ಬಂದು ಮುಂದಿನ ಬೆಂಚಲ್ಲಿ ಆರಾಮಾಗಿ ಕೂತ್ಕೊಳ್ಳಿ. ಉತ್ತರಗಳನ್ನ ಮನಸ್ಸಲ್ಲೇ ಹೇಳಿ. ದೇವರಿಗೆ ಕೇಳುತ್ತೆ."

ನಾನು ಸ್ಲೇಟು ಒರೆಸಿ ಬರೆದೆ: 'ದೇವರಿಗೆ ಕೇಳುತ್ತೆ. ಪಕ್ಕದವರಿಗೂ ಕೇಳಬೇಕು.'

ಅವರು ಓದಿ ಸ್ಲೇಟು ನನಗೇ ತಿರುಗಿಸಿ ಕೊಟ್ಟರು. ನಾನು ಬಿಡಲಿಲ್ಲ, ಕೆಳಗೆ ಇನ್ನೊಂದು ಸಾಲು ಬರೆದೆ: 'ದೇವರಿಗೆ ಕೇಳಿದರೆ ಸಾಕು ಅಂದರೆ ನಿಮಗೆ ಮೈಕ್ ಯಾಕೆ ಫಾದರ್?'

ಸೈಮನ್ ಸ್ಲೇಟು ಕಿತ್ತುಕೊಂಡು, "ಔಷಧಿ ಬಿಸಿ ಫಾದರ್, ತಪ್ಪು ತಿಳ್ಕೋಬೇಡಿ" ಅಂದರು. ಔಷಧಿ ಬಿಸಿಯೂ ಇಲ್ಲ, ಏನೂ ಇಲ್ಲ.

ಚರ್ಚಿಗೆ ತಿರುಗಿ ಹೋದ ಮೊದಲ ಭಾನುವಾರಗಳು ಆಸ್ಪತ್ರೆಗಿಂತ ಕೆಟ್ಟದಾಗಿದ್ದವು. ಎಲ್ಲರೂ ಕೈ ಹಿಡಿದು ಮಾತಾಡಿಸಿದರು. ನನಗೆ ಕಿವಿ ಕೇಳುವುದಿಲ್ಲವೇನೋ ಎನ್ನುವಂತೆ ಜೋರಾಗಿ ಮಾತಾಡಿಸಿದರು. ಧೂಪ ಹಾಕಿದಾಗ ಹೊಗೆ ಕಂಡಿತು, ವಾಸನೆ ಬರಲಿಲ್ಲ. ಮೂಗಿನಿಂದ ಉಸಿರಾಡದವಳಿಗೆ ಯಾವ ವಾಸನೆ? ಬದಲಿಗೆ ಹೊಗೆ ಕತ್ತಿನ ತೂತಿಗೆ ಹೊಕ್ಕು ಕೆಮ್ಮಿ ಕೆಮ್ಮಿ ಹೊರಗೆ ಓಡಿದೆ. ಫಾದರ್ ಒಂದು ಮಾತು ಹೇಳಿ ಕಾಯುತ್ತಾರೆ, ಸುತ್ತಲಿನ ಜನ ತಿರುಗಿ ಹೇಳುತ್ತಾರೆ, ನಾನು ತುಟಿ ಆಡಿಸುತ್ತೇನೆ. ಯಾರದೋ ಮನೆಯ ಮದುವೆಯನ್ನು ಬೇಲಿ ಆಚೆ ನಿಂತು ನೋಡಿದ ಹಾಗೆ.

ಕತ್ತಿನ ತೂತು ಮುಚ್ಚಲು ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಕೊಟ್ಟಿದ್ದರು. ನೋಡಿದರೆ ಗಾಯದ ಪಟ್ಟಿಯೇ. ನಾನು ಟೈಲರ್. ಅಂಗಡಿಯಲ್ಲಿ ಕೂತು ನನಗೆ ಬೇಕಾದಂತೆ ಹೊಲಿದೆ. ಹಸಿರು, ಕೆಂಪು, ಉಪವಾಸದ ಕಾಲಕ್ಕೆ ನೇರಳೆ, ಹಬ್ಬಕ್ಕೆ ಬಿಳಿಯ ಮೇಲೆ ಜರಿ. ಫಾದರ್ ತೊಡುವ ಮೇಲುಡುಪಿನ ಬಣ್ಣಕ್ಕೆ ಸರಿಯಾಗಿ. ಲೇಸು ರಜಿಯಾ ಆರಿಸಿಕೊಟ್ಟಳು. "ಇದ್ನ ನೋಡಿ ಆರೋಗ್ಯವಾಗಿರೋರೂ ಕೇಳ್ತಾರೆ ನೋಡ್ತಿರು" ಅಂದಳು.

ಆಸ್ಪತ್ರೆಯವರಿಗೆ ಹೇಳಿ ತರಿಸಿದ ಯಂತ್ರ ಬಂತು. ಒಂದು ವಾರ ಅಂಗಡಿಯಲ್ಲಿ ಅಭ್ಯಾಸ ಮಾಡಿ ಭಾನುವಾರ ಮೂರನೇ ಬೆಂಚಿನಲ್ಲಿ ನಿಂತು ಎಲ್ಲರ ಜೊತೆ ಉತ್ತರ ಹೇಳಿದೆ. ಮುಂದಿನವರು ತಿರುಗಿದರು. ಮಕ್ಕಳು ಕಿಸಕ್ ಅಂದವು. ಗಾನವೃಂದ ಹಾಡಲು ಶುರು ಮಾಡಿತು, ನಾನೂ ಸೇರಿಸಿದೆ. ಯಂತ್ರಕ್ಕೆ ಒಂದೇ ಸ್ವರ. ಹಾಡು ಮೇಲೆ ಹೋದರೂ ಕೆಳಗೆ ಬಂದರೂ ನನ್ನದು ಅಲ್ಲೇ ನಿಂತಿರುತ್ತದೆ. ಕೆಟ್ಟದಾಗಿತ್ತು, ನನಗೂ ಗೊತ್ತು.

ಮರುದಿನ ಗ್ರೇಸಿ ಅಂಗಡಿಗೆ ಬಂದಳು. ರಜಿಯಾ ಸ್ಟೂಲ್ ಕೊಟ್ಟಳು. ಗ್ರೇಸಿ ಕೂರಲಿಲ್ಲ.

"ರೆಜಿ, ತಪ್ಪು ತಿಳ್ಕೋಬೇಡ. ಜನಕ್ಕೆ ಭಕ್ತಿ ಕೆಡ್ತದೆ. ನನ್ನ ಹತ್ರ ನೀನು ಹಾಡಿದ್ದ ರೆಕಾರ್ಡಿಂಗ್ ಐತೆ. ತಿಂಗಳಿಗೊಂದ್ಸಲ ಅದನ್ನ ಸ್ಪೀಕರ್‌ನಲ್ಲಿ ಹಾಕೋಣ. ನೀನು ಮುಂದೆ ಕೂತಿರು. ನಿನ್ನ ಹಳೇ ದನಿ ಎಲ್ಲರ ಕಿವೀಲಿ ಹಂಗೇ ಇರ್ಲಿ."

ಯಂತ್ರ ಎತ್ತಿ ಗದ್ದಕ್ಕೆ ಒತ್ತಿದೆ. ಒತ್ತುವ ಜಾಗ ತಪ್ಪಿ ಮೊದಲ ಮಾತು ಗೊರಗೊರ ಅಂತು. ಮತ್ತೆ ಒತ್ತಿದೆ.

"ಸತ್ತೋರ್ದು ಆಕ್ತಾರೆ ಗ್ರೇಸಿ. ನಾನು ಸತ್ತಿಲ್ಲ."

ಗ್ರೇಸಿಯ ಕಣ್ಣಲ್ಲಿ ನೀರು ತುಂಬಿತು. "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಎಂದು ಹೊರಟುಹೋದಳು. ನಿಜವಾಗಿ ಒಳ್ಳೆಯದಕ್ಕೇ ಹೇಳಿದ್ದಳು. ಕಷ್ಟ ಇದ್ದದ್ದೇ ಅದರಲ್ಲಿ. ಕೆಟ್ಟ ಮನಸ್ಸಿನಿಂದ ಹೇಳಿದವರನ್ನು ಬೈದು ಕಳಿಸಬಹುದು.

ಚರ್ಚಿನ ಬಾಗಿಲ ಪಕ್ಕದ ಹಲಗೆಯಲ್ಲಿ ತಿಂಗಳ ವಾಚಕರ ಪಟ್ಟಿ ಅಂಟಿಸುತ್ತಾರೆ. ಬರೆಯುವವಳು ಗ್ರೇಸಿಯೇ. ಆ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಚೀಲದಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲ್ ತೆಗೆದು ಮೂರನೇ ಭಾನುವಾರದ ಎದುರು ದಪ್ಪಗೆ 'ರೆಜಿನಾ' ಎಂದು ಬರೆದೆ. ಮುಂದಿನ ವಾರ ನೋಡಿದರೆ ಅದರ ಮೇಲೆ ಸ್ಕೇಲು ಇಟ್ಟು ಎಳೆದ ಗೆರೆ. ಕೆಳಗೆ ಮತ್ತೆ ಬರೆದೆ. ಸೈಮನ್ ಪಕ್ಕದಲ್ಲಿ ನಿಂತು, "ಬೇಡ ಕಣೆ, ಜನ ನೋಡ್ತಾವ್ರೆ" ಅನ್ನುತ್ತಲೇ ಇದ್ದರು. ನೋಡಲಿ ಅಂತಲೇ ಬರೆದದ್ದು.

ವಿಷಯ ಚರ್ಚಿನ ಸಮಿತಿಗೆ ಹೋಯಿತು. ಭಾನುವಾರ ಪೂಜೆ ಮುಗಿದ ಕೂಡಲೇ ಮಕ್ಕಳಿಗೆ ಧರ್ಮಪಾಠ ಹೇಳುವ ಕೋಣೆಯಲ್ಲಿ ಎಂಟು ಹತ್ತು ಜನ ಸೇರಿದರು. ಮಕ್ಕಳ ಬೆಂಚು, ಎಲ್ಲರ ಮೊಣಕಾಲೂ ಗದ್ದಕ್ಕೆ ತಾಗುತ್ತಿತ್ತು. ಫಾದರ್ ಮಧ್ಯದಲ್ಲಿ. ಗ್ರೇಸಿ ಕಿಟಕಿಯ ಹತ್ತಿರ.

ಸೈಮನ್ ಎದ್ದರು. "ಅವಳಿಗೆ ಆಸೆ ಐತೆ ಫಾದರ್. ಆದ್ರೆ ನಾನು ಹೇಳಿ ಒಪ್ಪಿಸ್ತೀನಿ, ಅವಳು..."

ನಾನು ಅವರ ಅಂಗಿ ಹಿಡಿದು ಕೂರಿಸಿದೆ. ಬಲವಾಗಿಯೇ ಎಳೆದೆ, ಒಂದು ಗುಂಡಿ ಕಿತ್ತು ಬಂತು. ಯಂತ್ರ ತೆಗೆದೆ.

"ನಾನು ಮಾತಾಡ್ತೀನಿ" ಅಂದೆ.

ಒಬ್ಬ ಹಿರಿಯರು, ಸಣ್ಣ ತೋಟದವರು, ಒಳ್ಳೆಯವರೇ, "ಅಮ್ಮ, ದೇವರ ವಾಕ್ಯ ಜನಕ್ಕೆ ಅರ್ಥ ಆಗ್ಬೇಕಲ್ವಾ? ನಿಮ್ಮ ಯಂತ್ರದಲ್ಲಿ ಅರ್ಥ ಆಗಲ್ಲ ಅನ್ನೋದಷ್ಟೇ ನಮ್ಮ ಕಷ್ಟ" ಅಂದರು.

"ಇವತ್ತು ಓದಿದ್ದು ಅರ್ಥ ಆಯ್ತಾ?" ಎಂದು ಕೇಳಿದೆ.

"ಇವತ್ತು ಚೆನ್ನಾಗೇ ಓದಿದ್ರಲ್ಲ."

"ಏನಿತ್ತು ಮೊದಲ ವಾಚನದಲ್ಲಿ?"

ಅವರು ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು ನೋಡಿದರು. ಓದಿದವಳು ಗ್ರೇಸಿಯ ಸೊಸೆ, ಗಂಟೆ ಬಾರಿಸಿದಂಥ ದನಿ. ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ಕೋಣೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಒಬ್ಬರು "ಯಾವುದೋ ರಾಜಂದು" ಅಂದರು. ರಾಜನೂ ಇರಲಿಲ್ಲ, ಏನೂ ಇರಲಿಲ್ಲ.

ಫಾದರ್ ವಿನ್ಸೆಂಟ್ ತಲೆ ಬಗ್ಗಿಸಿ ನಗು ತಡೆದುಕೊಳ್ಳುತ್ತಿದ್ದರು. ಆಮೇಲೆ ತಡೆಯಲಾಗದೆ ನಕ್ಕೇ ಬಿಟ್ಟರು. "ನಂದೂ ಅದೇ ಕಥೆ, ಉಪದೇಶ ಮುಗಿದ ಮೇಲೆ ನನ್ನನ್ನು ಯಾರೂ ಹೀಗೆ ಕೇಳದಿದ್ದರೆ ಸಾಕು" ಅಂದರು. ಕೊನೆಗೆ ನನ್ನ ಕಡೆ ತಿರುಗಿ, "ನೀವು ಹಠ ಮಾಡ್ತೀರಿ" ಅಂದರು.

"ಔದು ಫಾದರ್" ಅಂದೆ. 'ಹ' ಬರುವುದಿಲ್ಲವಲ್ಲ.

"ಬರುವ ತಿಂಗಳ ಮೂರನೇ ಭಾನುವಾರ ಓದಿ. ದೂರು ಬಂದರೆ ನಾನು ಉತ್ತರ ಕೊಡ್ತೀನಿ."

ಗೆದ್ದ ಮೇಲೆ ಹೆದರಿಕೆ ಶುರುವಾಯಿತು. ಅದುವರೆಗೂ ಜಗಳದ ಬಿಸಿಯಲ್ಲಿ ಅದು ಗೊತ್ತಾಗಿರಲಿಲ್ಲ. ನಿಜವಾಗಿಯೂ ಯಾರಿಗೂ ಅರ್ಥವಾಗದಿದ್ದರೆ? ಹತ್ತು ದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿದೆ. ರಜಿಯಾ ನನಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು, ತುಟಿ ನೋಡಿ ತಿಳಿದುಕೊಳ್ಳಬಾರದೆಂದು.

"ನಿಲ್ಸು. ಆ ಸಾಲು ತಿಳೀಲಿಲ್ಲ."

ಮತ್ತೆ ಓದುತ್ತಿದ್ದೆ.

"ಬೇಗ ಓದ್ತೀಯ. ಗುಂಡಿ ಹೊಲಿದಂಗೆ ಒಂದೊಂದೇ ಹಾಕು."

ಆ ಮಾತು ಸರಿಯಾಗಿ ತಾಗಿತು. ಒಂದೊಂದೇ ಪದ ಬಿಡಿಸಿ, ಮಧ್ಯೆ ಉಸಿರು ಬಿಟ್ಟು ಓದಿದೆ. ಕೊನೆಕೊನೆಗೆ ರಜಿಯಾಳಿಗೆ ಇಡೀ ವಾಚನ ಬಾಯಿಪಾಠವಾಗಿತ್ತು. "ನಿಮ್ಮೋರು ಈ ಊರಿನ ಹೆಸರೆಲ್ಲ ಎಲ್ಲಿಂದ ಹುಡುಕಿದ್ರೋ ಮಾರಾಯ್ತಿ, ನಾಲ್ಗೆ ತಿರುಗಲ್ಲ" ಎಂದು ನಗುತ್ತಿದ್ದಳು.

ಮೂರನೇ ಭಾನುವಾರ. ಹಸಿರು ಬಟ್ಟೆ ಕಟ್ಟಿಕೊಂಡು ಹೋಗಿ ಪುಸ್ತಕದ ಮುಂದೆ ನಿಂತೆ. ಮೈಕ್ ಬಾಯಿಯ ಹತ್ತಿರಕ್ಕೆ ಬಗ್ಗಿಸಿದೆ. ಯಂತ್ರ ಒತ್ತಿದ ಕೂಡಲೇ ಆ ಗುಂಯ್ ಶಬ್ದ ಸ್ಪೀಕರ್‌ನಲ್ಲಿ ಇಡೀ ಚರ್ಚು ತುಂಬಿತು. ಹಿಂದೆಲ್ಲೋ ಒಬ್ಬ ಹುಡುಗಿ ನಕ್ಕಳು, ತಾಯಿ ಬಾಯಿ ಮುಚ್ಚಿದಳು. ಓದತೊಡಗಿದೆ. ಒಂದೊಂದೇ ಗುಂಡಿ. ಅರ್ಧ ಆಗಿತ್ತು. ಕೆಮ್ಮು ಬಂತು.

ನಮ್ಮಂಥವರ ಕೆಮ್ಮು ಬಾಯಿಗೆ ಬರುವುದಿಲ್ಲ, ಕತ್ತಿಗೆ ಬರುತ್ತದೆ. ಕಫ ಬಟ್ಟೆಗೆ ಮೆತ್ತಿತು. ನಾನು ಬೆನ್ನು ತಿರುಗಿಸಬಹುದಿತ್ತು, ಪಕ್ಕದ ಕೋಣೆಗೆ ಓಡಬಹುದಿತ್ತು. ಸೈಮನ್ ಬೆಂಚಿನಿಂದ ಅರ್ಧ ಎದ್ದದ್ದು ಕಂಡಿತು. ಕೂರಿ ಎಂದು ಕೈ ಮಾಡಿದೆ. ಕರ್ಚೀಫು ತೆಗೆದು, ಹಸಿರು ಬಟ್ಟೆ ಎತ್ತಿ, ಎಲ್ಲರ ಕಣ್ಣೆದುರೇ ತೂತು ಒರೆಸಿಕೊಂಡೆ. ಕೆಲವರು ತಲೆ ತಗ್ಗಿಸಿದರು. ನಾನು ಅವಸರ ಮಾಡಲಿಲ್ಲ. ಉಸಿರು ಹಿಡಿತಕ್ಕೆ ಬರುವವರೆಗೆ ನಿಂತೆ. ಆಮೇಲೆ ಆ ಸಾಲನ್ನು ಮೊದಲಿನಿಂದ ಓದಿದೆ.

ವಾಚನ ಮುಗಿಸಿ, ಓದಿದವರು ಕೊನೆಯಲ್ಲಿ ಹೇಳುವ ಮಾತು ಹೇಳಿದೆ. ಅದಕ್ಕೆ ಜನ ಉತ್ತರ ಕೊಡಬೇಕು. ಯಾರೂ ಕೊಡಲಿಲ್ಲ. ಅರ್ಥವಾಗಲಿಲ್ಲವೋ, ಮುಗಿಯಿತೆಂದು ತಿಳಿಯಲಿಲ್ಲವೋ, ನೋಡಿದ್ದಕ್ಕೆ ಬೆಚ್ಚಿ ಕೂತಿದ್ದರೋ. ನಾನು ಇಳಿಯಲಿಲ್ಲ. ನನ್ನ ಪಾಲು ಮುಗಿದಿತ್ತು, ಅವರ ಪಾಲು ಉಳಿದಿತ್ತು. ಪುಸ್ತಕದ ಎರಡೂ ಬದಿ ಹಿಡಿದು ಒಂದೊಂದು ಬೆಂಚನ್ನೇ ನೋಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಎಡಗಡೆಯಿಂದ ಇಬ್ಬರು ಮೂವರು ತಡವರಿಸಿ "ದೇವರಿಗೆ ಕೃತಜ್ಞತೆ" ಎಂದು ಶುರು ಮಾಡಿದರು, ಮಿಕ್ಕವರು ಹಿಂದಿನಿಂದ ಬಂದು ಸೇರಿಕೊಂಡರು. ಹರಿದು ಹರಿದು ಬಂತು. ಆದರೆ ಬಂತು. ಆಮೇಲೇ ಇಳಿದೆ. ಬೆಂಚಿಗೆ ಬಂದು ಕೂತೆ. ಸೈಮನ್ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಅವರ ಕೈ ಹಿಡಿದುಕೊಂಡೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಮನೆಯವರು ಆವತ್ತಿನಿಂದ ಪೂಜೆಗೆ ಸಕಲೇಶಪುರಕ್ಕೆ ಹೋಗುತ್ತಾರೆ. ಗ್ರೇಸಿ ಎರಡು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಮೂರನೇ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಅವಳ ಕೈಬರಹದಲ್ಲೇ ಇತ್ತು. ಹಾಡಿನಲ್ಲಿ ಮಾತ್ರ ನಾನು ಸೋತೆ, ಒಪ್ಪಿಕೊಳ್ಳುತ್ತೇನೆ. ಒಂದೇ ಸ್ವರದವಳು ಹಾಡನ್ನು ಮುನ್ನಡೆಸಲಾರಳು. ಈಗ ಜನರ ಮಧ್ಯೆ ನಿಂತು ಹಾಡುತ್ತೇನೆ, ಜನರ ಹಾಡಿನಲ್ಲಿ ನನ್ನ ಗುಂಯ್ ಅಡಗಿ ಹೋಗುತ್ತದೆ. ಅದು ಇನ್ನೂ ನೋಯುತ್ತದೆ. ಗ್ರೇಸಿಯ ಫೋನಿನಲ್ಲಿರುವ ಆ ರೆಕಾರ್ಡಿಂಗನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಆರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋದಾಗ ಅದೇ ಬೆಂಚಿನಲ್ಲಿ ಕೂತು ಮತ್ತೆ ಬೇರೆಯವರ ಕೆಮ್ಮು ಅಳೆಯುತ್ತೇನೆ. ಡಾಕ್ಟರ್ ಕತ್ತು ಮುಟ್ಟಿ "ಚೆನ್ನಾಗಿದೆ" ಅನ್ನುವವರೆಗೂ.

ಹೋದ ವರ್ಷ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಒಬ್ಬ ಹೆಂಗಸು ನನ್ನ ಸೆರಗು ಜಗ್ಗಿದಳು. ಅಂತೋಣಿಯಮ್ಮ. ಎಸ್ಟೇಟ್ ಲೈನಿನವಳು, ಜೀವಮಾನವೆಲ್ಲ ಕಾಫಿ ಹಣ್ಣು ಕಿತ್ತವಳು. ಅವಳ ಹಿರಿಯರು ತಮಿಳು ಸೀಮೆಯಿಂದ ಬಂದವರು. ಪ್ರತಿ ವಾರ ಕಟ್ಟಕಡೆಯ ಬೆಂಚಿನಲ್ಲಿ ಕೂರುವವಳನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೆ, ಅವಳ ದನಿ ಮಾತ್ರ ಕೇಳಿರಲಿಲ್ಲ.

"ಚಿಕ್ಕವಳಿದ್ದಾಗ ಪೂಜೇಲಿ ಉತ್ರ ಜೋರಾಗಿ ಏಳ್ದೆ ಅಂತ ನಕ್ಬುಟ್ರಮ್ಮ. ನನ್ ಕನ್ನಡ ಸರಿ ಇಲ್ಲ ಅಂತ. ಅವತ್ತಿಂದ ನಲವತ್ ವರ್ಷ ಬಾಯಿ ಮುಚ್ಕೊಂಡೇ ಕೂತೆ" ಅಂದಳು. ನನ್ನ ಕತ್ತಿನ ಕಡೆ ಕೈ ತೋರಿಸಿದಳು. "ನೀನು ಇದ್ನ ಇಟ್ಕೊಂಡು ಓದ್ತೀಯ. ನಂಗೇನ್ ದಾಡಿ? ಗಂಟ್ಲು ಐತೆ, ನಾಲ್ಗೆ ಐತೆ."

"ನನ್ನ ಪಕ್ಕ ಕೂತ್ಕೊ" ಅಂದೆ.

ಮುಂದಿನ ಭಾನುವಾರ ಬಂದು ಮೂರನೇ ಬೆಂಚಿನಲ್ಲಿ ಕೂತಳು. ಫಾದರ್ ಮೊದಲ ಪ್ರಾರ್ಥನೆ ಮುಗಿಸಿದರು, ಎಲ್ಲರೂ 'ಆಮೆನ್' ಅಂದರು, ನಾನೂ ಯಂತ್ರ ಒತ್ತಿ ಅಂದೆ. ಎಲ್ಲರದೂ ಮುಗಿದು ಒಂದು ಕ್ಷಣ ಕಳೆದ ಮೇಲೆ ಅಂತೋಣಿಯಮ್ಮನ "ಆಮೇನ್" ಬಂತು, ಗುಡ್ಡದ ಆಚೆ ಕೆಲಸದಲ್ಲಿರುವವರನ್ನು ಊಟಕ್ಕೆ ಕರೆಯುವ ದನಿಯಲ್ಲಿ. ಮುಂದಿನ ಬೆಂಚಿನಲ್ಲಿ ಯಾರೋ ತಿರುಗಿ ನಕ್ಕರು. ನಾನು ಅವರನ್ನು ನೋಡುತ್ತಲೇ ಇದ್ದೆ, ಅವರು ತಿರುಗಿಕೊಳ್ಳುವವರೆಗೂ.

ಕೀರ್ತನೆಯ ಹೊತ್ತಿಗೆ ಅವಳು ಇನ್ನೂ ಜೋರಾದಳು. ಗಾನವೃಂದ ಸಾಲು ಹಾಡಿತು, ಜನ ತಿರುಗಿ ಹಾಡಿದರು. ನಮ್ಮಿಬ್ಬರದು ಹಿಂದೆ ಬಿತ್ತು, ಅವಳದು ತಮಿಳು ಬೆರೆತದ್ದು, ನನ್ನದು ಬ್ಯಾಟರಿಯದ್ದು. ಗ್ರೇಸಿ ಮುಂದಿನ ಸಾಲಿಗೆ ಹಾರ್ಮೋನಿಯಂ ಮೇಲೆ ಬೆರಳು ಇಟ್ಟವಳು ಹಾಗೇ ತಡೆದಳು. ನಮ್ಮ ಕಡೆ ನೋಡಲಿಲ್ಲ. ನಾವಿಬ್ಬರೂ ಕೊನೆಯ ಅಕ್ಷರ ಮುಗಿಸುವವರೆಗೆ ಕಾದಳು.